ಬೋರ್ಡಿಗೆ ಬಾರದವಳ ಲೆಕ್ಕಗಳು

ವರ್ಷವಿಡೀ ನನ್ನನ್ನು ಒಮ್ಮೆಯೂ ಬೋರ್ಡಿಗೆ ಕರೆಯಲಿಲ್ಲ. ವರ್ಷದ ಕೊನೆಯಲ್ಲಿ, ಬೋರ್ಡಿಗೆ ಬಂದು ಲೆಕ್ಕ ಮಾಡಿದವಳಲ್ಲ ಎಂಬ ಕಾರಣ ಹೇಳಿ ಗಣಿತದ ಸೀಟನ್ನು ನಿರಾಕರಿಸಿದರು. ನನಗಾದ ಅನ್ಯಾಯ ಇದು. ಇದಕ್ಕೆ ನಾನು ಏನನ್ನೂ ಸೇರಿಸಿಲ್ಲ, ಇದರಿಂದ ಏನನ್ನೂ ಕಳೆದಿಲ್ಲ. ಈ ವಯಸ್ಸಿನಲ್ಲಿ ಅದನ್ನು ಮತ್ತೆ ಎತ್ತಿ ಆಡುವುದು ಆಯಾಸದ ಕೆಲಸ. ಆದರೂ ಕೇಳಿದವರು ಹಾಸನದಲ್ಲಿ ನಾನು ಓದಿದ ಆ ಕಾಲೇಜಿನವರೇ ಆದ್ದರಿಂದ ಬರೆಯುತ್ತಿದ್ದೇನೆ. ಅವರ ಹಳೆಯ ವಿದ್ಯಾರ್ಥಿಗಳ ಸಂಘವು ಸ್ಮರಣ ಸಂಚಿಕೆಯೊಂದನ್ನು ತರುತ್ತಿದೆ. ಅದಕ್ಕೆ ನನ್ನಿಂದ ಒಂದು ಸವಿನೆನಪು ಬೇಕಂತೆ. ಸವಿಯನ್ನು ನಾನು ಒದಗಿಸಲಾರೆ. ನೆನಪು ಮಾತ್ರ ನನ್ನಲ್ಲಿ ಕೆಟ್ಟಿಲ್ಲ.

ಮೊದಲು ಬರೆಯುವುದಿಲ್ಲವೆಂದೇ ಹೇಳಿ ಕಳಿಸಿದ್ದೆ. ಮನಸ್ಸು ಬದಲಾದದ್ದು ಹಿತ್ತಲಿನಲ್ಲಿ. ಹೊಳೆನರಸೀಪುರದ ನನ್ನ ಮನೆಯ ಹಿಂದಿನ ಗೋಡೆಗೆ ತೊಂಡೆಬಳ್ಳಿ ಹಬ್ಬಿ ಗಾರೆಯನ್ನು ಸಡಿಲಿಸುತ್ತಿತ್ತು. ಕಿತ್ತು ಹಾಕಲು ಹೋದಾಗ ಎಲೆ ಅಂಗೈಯಲ್ಲಿ ನುರಿದು ಹಸಿರು ರಸ ಬೆರಳ ಸಂದಿಗೆ ಇಳಿಯಿತು. ಕೈಯನ್ನು ಮೂಗಿನ ಬಳಿ ತಂದೆ. ಆ ಒಗರು ವಾಸನೆಗೆ ಒಂದಿಷ್ಟು ಇದ್ದಿಲಿನ ಪುಡಿ ಸೇರಿದ್ದರೆ ಸಾಕಿತ್ತು; ಅದೇ ತರಗತಿ, ಅದೇ ಮಳೆ, ಅದೇ ಕಪ್ಪು ಗೋಡೆ. ತೊಂಡೆ ಸೊಪ್ಪನ್ನು ಇದ್ದಿಲಿನೊಡನೆ ಅರೆದು ಬೋರ್ಡಿಗೆ ಬಳಿಯುತ್ತಿದ್ದ ಕಾಲದಲ್ಲಿ ನಾನು ಓದಿದೆ.

ಅರವತ್ತರ ದಶಕದ ಆರಂಭ. ನಮ್ಮ ತಂದೆ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯೊಂದರಲ್ಲಿ ಗುಮಾಸ್ತರು. ನನ್ನ ಹೈಸ್ಕೂಲು ಮುಗಿದ ಮೇಲೆ ಹಾಸನದಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ನನ್ನನ್ನು ಬಿಟ್ಟು ಪಿ.ಯು.ಸಿ.ಗೆ ಸೇರಿಸಿದರು. ಪಿ.ಯು.ಸಿ. ಆಗ ಒಂದೇ ವರ್ಷ. ಆ ವರ್ಷ ಗಣಿತದಲ್ಲಿ ಮುಂದಿದ್ದವರಿಗೆ ಅದೇ ಕಾಲೇಜಿನ ಬಿ.ಎಸ್ಸಿ.ಯಲ್ಲಿ ಗಣಿತದ ಸೀಟು ಸಿಗುತ್ತಿತ್ತು. ಸೀಟುಗಳು ಕೆಲವೇ ಇದ್ದವು. ನನಗೆ ಬೇಕಾಗಿದ್ದದ್ದು ಅವುಗಳಲ್ಲಿ ಒಂದು. ಅದರ ಹೊರತು ಬೇರೆ ಯಾವ ಆಸೆಯನ್ನೂ ನಾನು ಆ ಊರಿಗೆ ಹೊತ್ತು ತಂದಿರಲಿಲ್ಲ.

ಆ ಸಲ ಜ್ಯೇಷ್ಠದಲ್ಲಿ ಹಿಡಿದ ಸೋನೆ ಶ್ರಾವಣ ಕಳೆದರೂ ಬಿಡಲಿಲ್ಲ. ಹಾಸನದ ಮಳೆ ಸುರಿದು ಮುಗಿಯುವ ಜಾತಿಯದಲ್ಲ. ಗಾಳಿಯ ಜೊತೆ ಓರೆಯಾಗಿ ಬಂದು ಕೊಡೆಯ ಕೆಳಗಿನಿಂದಲೇ ಸೀರೆಯ ನೆರಿಗೆಯನ್ನು ನೆನೆಸಿ, ಸಂಜೆಯವರೆಗೂ ಒಣಗಲು ಬಿಡದು. ಹಾಗೆ ನೆನೆದ ಸೀರೆಯಲ್ಲಿ ನಾನೂ ಲೀಲಾ ಎಂಬ ಇನ್ನೊಬ್ಬಳೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಾಯುತ್ತಿದ್ದೆವು. ಗಣಿತದ ತರಗತಿಯಲ್ಲಿ ಇದ್ದ ಹೆಣ್ಣುಮಕ್ಕಳು ನಾವಿಬ್ಬರೇ. ಉಪಾಧ್ಯಾಯರು ಬರುವ ಮೊದಲು ಹುಡುಗರಿರುವ ತರಗತಿಗೆ ಹುಡುಗಿಯರು ಕಾಲಿಡುವಂತಿರಲಿಲ್ಲ. ಮೇಷ್ಟರು ಹಾಜರಿ ಪುಸ್ತಕ ಹಿಡಿದು ನಮ್ಮ ಕೋಣೆಯ ಬಾಗಿಲ ಬಳಿ ಒಮ್ಮೆ ಕೆಮ್ಮುವರು. ನಾವು ಎದ್ದು ಅವರ ಹಿಂದೆ ತರಗತಿಗೆ ಹೋಗಬೇಕು. ಗಂಟೆ ಬಾರಿಸಿದಾಗ ಅವರ ಹಿಂದೆಯೇ ಹೊರಬರಬೇಕು. ಪಾಠ ಮುಗಿದ ಮೇಲೆ ಹುಡುಗರು ಬೋರ್ಡಿನ ಸುತ್ತ ನಿಂತು ಚರ್ಚಿಸುತ್ತಿದ್ದದ್ದು ನಮಗೆ ಗೋಡೆಯಾಚೆಯ ಗದ್ದಲವಾಗಿ ಮಾತ್ರ ಕೇಳುತ್ತಿತ್ತು.

ಮೇಷ್ಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ಆ ಮೊಮ್ಮಕ್ಕಳು ನನಗೇನೂ ಮಾಡಿಲ್ಲ. ಕಲಿಸುವುದರಲ್ಲಿ ಮೇಷ್ಟರು ಸಮರ್ಥರು ಎಂಬುದನ್ನೂ ಬರೆಯಲೇಬೇಕು. ಅವರನ್ನು ದಡ್ಡರೆಂದು ತಳ್ಳಿಹಾಕುವ ಸಮಾಧಾನ ನನಗೆ ಇಲ್ಲ.

ನಮ್ಮ ಬೆಂಚನ್ನು ಪಕ್ಕದ ಗೋಡೆಗೆ, ಬಾಗಿಲಿಗೆ ಹೊಂದಿಸಿ ಹಾಕಿದ್ದರು. ಅಲ್ಲಿಂದ ಬೋರ್ಡು ಓರೆಯಾಗಿ ಕಾಣುತ್ತಿತ್ತು. ಎದುರು ಕಿಟಕಿಯ ಬೆಳಕು ಬಿದ್ದು ಅದರ ಬಲ ಅರ್ಧ ಹೊಳೆಯುತ್ತಿದ್ದುದರಿಂದ ಅಲ್ಲಿ ಬರೆದದ್ದು ಓದಲು ಬರುತ್ತಿರಲಿಲ್ಲ. ಸಮೀಕರಣದ ಎಡಭಾಗವನ್ನು ನೋಡಿಕೊಂಡು ಬಲಭಾಗವನ್ನು ನಾವೇ ಮಾಡಿಕೊಳ್ಳಬೇಕು. ಲೀಲಾ ಕೆಲವು ದಿನ ಪ್ರಯತ್ನಿಸಿ ಕೈಬಿಟ್ಟಳು. ನಾನು ಬಿಡಲಿಲ್ಲ. ನನಗೆ ಗಣಿತ ಬಂದದ್ದು ಹೀಗೆ, ಕಾಣದ ಅರ್ಧವನ್ನು ಕಂಡ ಅರ್ಧದಿಂದ ತೆಗೆದು.

ಆಷಾಢದಲ್ಲಿ ಮೇಷ್ಟರು ಲಾಗರಿದಮ್ಮಿನ ಅವಕಲನವನ್ನು ಎತ್ತಿಕೊಂಡರು. ಎಕ್ಸ್ ಎಂಬುದು ಕೊಂಚ ಬೆಳೆದಾಗ ಅದರ ಲಾಗ್ ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂಬುದು ಪ್ರಶ್ನೆ. ಅರ್ಧ ಬೋರ್ಡು ತುಂಬುವಷ್ಟು ಬರೆದು ಅವರು ತಲುಪಿದ ಉತ್ತರ ಇಷ್ಟೇ: ಎಕ್ಸ್‌ನಿಂದ ಭಾಗಿಸಿದ ಒಂದು. ನಾನು ಬಲಭಾಗವನ್ನು ನನ್ನ ಹಾಳೆಯಲ್ಲಿ ಮಾಡಿಕೊಂಡು ಅವರಿಗಿಂತ ಕೊಂಚ ಮೊದಲೇ ಅಲ್ಲಿಗೆ ಬಂದಿದ್ದೆ. ಒಂದರ ಬಳಿ ನಿಂತರೆ ಏರು ಒಂದು. ಹತ್ತರ ಬಳಿ ಹತ್ತರಲ್ಲೊಂದು ಪಾಲು. ನೂರರ ಬಳಿ ನೂರರಲ್ಲೊಂದು ಪಾಲು. ದೂರ ಹೋದಷ್ಟೂ ಏರುವುದು ನಿಧಾನವಾಗುತ್ತದೆ, ಆದರೆ ಎಲ್ಲಿಯೂ ನಿಲ್ಲುವುದಿಲ್ಲ, ಇಳಿಯುವುದಂತೂ ಇಲ್ಲ. ಆಗ ಅದು ನನಗೆ ಬರಿಯ ಚೆಲುವಾಗಿ ಕಂಡಿತ್ತು. ಮಂಡಿ ನೋಯುವ ಈ ದಿನಗಳಲ್ಲಿ ಮೆಟ್ಟಿಲು ಹತ್ತುವಾಗ ಅದರ ಬೇರೆ ಗುಣಗಳೂ ತಿಳಿಯುತ್ತಿವೆ.

ಶುಕ್ರವಾರ ಬೋರ್ಡಿನ ದಿನ. ಒಬ್ಬೊಬ್ಬರನ್ನಾಗಿ ಕರೆದು ಎಲ್ಲರೆದುರು ಲೆಕ್ಕ ಮಾಡಿಸುವುದು ಮೇಷ್ಟರ ಪದ್ಧತಿ. ಬೋರ್ಡಿನ ಎದುರು ನಿಂತು ಮಾಡಿದವನಿಗೆ ಮಾತ್ರ ಲೆಕ್ಕ ಬಂದಂತೆ ಎಂಬುದು ಅವರ ಸಿದ್ಧಾಂತ; ಬಿ.ಎಸ್ಸಿ. ಸೀಟಿಗೆ ಶಿಫಾರಸು ಮಾಡುವಾಗ ಅದನ್ನೇ ನೋಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ಮೊದಲ ಶುಕ್ರವಾರ ಹುಡುಗರ ಸಾಲು ಮುಗಿದು ನಮ್ಮ ಬೆಂಚು ಬಂದಾಗ ನಾನು ಎದ್ದು ನಿಂತೆ.

"ನೀವು ಕೂತಲ್ಲೇ ಮಾಡಿ ತಾಯಿ," ಎಂದರು. "ಹೆಣ್ಣುಮಕ್ಕಳು ಇಷ್ಟು ಜನ ಹುಡುಗರಿಗೆ ಬೆನ್ನು ಹಾಕಿ, ಕೈ ಎತ್ತಿ ಬರೆಯೋದು ಚೆನ್ನಾಗಿರಲ್ಲ."

ಲೀಲಾ ನನ್ನ ಸೆರಗು ಹಿಡಿದು ಎಳೆದಳು. ನಾನು ಕುಳಿತೆ. ಮೇಷ್ಟರ ಮುಖದಲ್ಲಿ ಒಂದು ಉಪಕಾರ ಮಾಡಿದ ತೃಪ್ತಿ ಇತ್ತು.

ಲಾಗರಿದಮ್ಮಿನ ಪಾಠವಾದ ಮೇಲಿನ ಶುಕ್ರವಾರವೋ ಅದರ ಮುಂದಿನದೋ, ಪುಟ್ಟಸ್ವಾಮಿ ಎಂಬ ಹುಡುಗನನ್ನು ಕರೆದರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವನು, ಎತ್ತರದ ಆಳು, ಒಳ್ಳೆಯ ಸ್ವಭಾವದವನು. ಕೊಟ್ಟ ಲೆಕ್ಕ, ಎಕ್ಸ್‌ನ ತಲೆಯ ಮೇಲೆ ಎಕ್ಸನ್ನೇ ಘಾತವಾಗಿ ಕೂರಿಸಿದ್ದು. ಎಕ್ಸ್‌ನ ಮೇಲೆ ಐದು ಇದ್ದರೆ ಐದನ್ನು ಕೆಳಗಿಳಿಸಿ, ಮೇಲೆ ಒಂದನ್ನು ಕಳೆದರೆ ಮುಗಿಯಿತು. ಪುಟ್ಟಸ್ವಾಮಿ ಇಲ್ಲಿಯೂ ಹಾಗೆಯೇ ಎಕ್ಸನ್ನು ಕೆಳಗಿಳಿಸಿದ.

"ಮೇಲೆ ಇರೋದು ಅಂಕಿ ಅಲ್ಲಪ್ಪ," ಎಂದರು ಮೇಷ್ಟರು. "ಅದೂ ಬದಲಾಗ್ತಾ ಇದೆ. ಹಾಗೆ ಇಳಿಸಕ್ಕಾಗಲ್ಲ. ಇನ್ನು ಹೆಂಗೆ ಇಳಿಸ್ತೀಯ?"

"ಅದೇ ತಿಳೀನಿಲ್ಲ ಸಾ. ಅತ್ತಿ ಕೂತ್ಬುಟ್ಟದೆ."

ತರಗತಿ ನಕ್ಕಿತು. ಯಾರಿಗೆ ಬರುತ್ತದೆ ಎಂದು ಮೇಷ್ಟರು ಸಾಲು ಸಾಲಾಗಿ ನೋಡಿದರು. ಕೈ ಎತ್ತಿದ್ದವಳು ನಾನೊಬ್ಬಳೇ. ಎರಡು ಬದಿಗೂ ಲಾಗ್ ತೆಗೆದರೆ ಮೇಲಿನ ಎಕ್ಸ್ ತಾನಾಗಿ ಕೆಳಗಿಳಿದು ಲಾಗ್‌ನ ಪಕ್ಕದಲ್ಲಿ ನಿಲ್ಲುತ್ತದೆ. ಆಮೇಲೆ ಅದು ಗುಣಲಬ್ಧದ ಸಾಮಾನ್ಯ ಲೆಕ್ಕ. ಒಂದಕ್ಕೆ ಲಾಗ್ ಎಕ್ಸನ್ನು ಕೂಡಿಸಿ, ಅದನ್ನು ಮೊದಲಿದ್ದ ಎಕ್ಸ್‌ನ ಮೇಲಿನ ಎಕ್ಸ್‌ನಿಂದ ಗುಣಿಸಿದರೆ ಉತ್ತರ. ನಾನು ಅದನ್ನು ಮಾಡಿ ಕೆಳಗೆ ಗೆರೆ ಎಳೆದಿದ್ದೆ. ಮೇಷ್ಟರು ನಮ್ಮ ಬೆಂಚಿನ ಬಳಿ ಬಂದು ಹಾಳೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರ ಹುಬ್ಬು ಮೇಲೇರಿದ್ದು ನನಗೆ ಕಂಡಿತು. ಈಗ ಕರೆಯುತ್ತಾರೆ ಎಂದುಕೊಂಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೂ ಆಗಿತ್ತು.

ಅವರು ಹಾಳೆಯನ್ನು ಪುಟ್ಟಸ್ವಾಮಿಯ ಕೈಗೆ ಕೊಟ್ಟು, "ನೋಡ್ಕೊಂಡು ಬರಿ," ಎಂದರು.

ಅವನು ಎಡಗೈಯಲ್ಲಿ ನನ್ನ ಹಾಳೆ, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಬರೆದ. ನಾನು ಗೆರೆ ಎಳೆದಲ್ಲಿ ಅವನೂ ಗೆರೆ ಎಳೆದ. ಮೇಷ್ಟರು "ಭೇಷ್" ಎಂದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಎದುರು ಗುರುತು ಹಾಕಿದರು.

ಒಮ್ಮೆ ನಡೆದಿದ್ದರೆ ಮರೆಯುತ್ತಿದ್ದೆನೇನೋ. ಅದೇ ರೂಢಿಯಾಯಿತು. ಕಷ್ಟದ ಲೆಕ್ಕ ಬಂದ ಶುಕ್ರವಾರ ನನ್ನ ಹಾಳೆ ಬೋರ್ಡಿಗೆ ಹೋಗುತ್ತಿತ್ತು. ಹೊತ್ತವನು ಕೆಲವೊಮ್ಮೆ ಬೇರೆಯವನು, ಹೆಚ್ಚಾಗಿ ಪುಟ್ಟಸ್ವಾಮಿ. ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ, ನಮ್ಮ ಕೋಣೆಯ ಹೊರಗೆ ಮಳೆಯಲ್ಲಿ ನಿಂತು ಅವನು ಕರೆದ.

"ಅಕ್ಕಾರೆ, ಒಂದ್ ಮಾತು."

"ಏನು?"

"ನಿಮ್ಮಕ್ಷರ ವಸಿ ದಪ್ಪಕೆ ಬರೀರಿ. ಬೋರ್ಡ್ ತಾವ ನಿಂತ್ಕಂಡ್ರೆ ಸಣ್ಣಕ್ಷರ ಕಾಣಾಕಿಲ್ಲ. ಓದ ವಾರ ತಡವರಿಸ್ಬುಟ್ಟೆ."

ಒಳಗಿನಿಂದ ಲೀಲಾ, "ಸೀಮೆಸುಣ್ಣಾನೂ ನಾವೇ ಕೊಡೋದಾ?" ಎಂದಳು.

"ಅದು ಬ್ಯಾಡಿ, ಕಾಲೇಜಲ್ಲೇ ಕೊಡ್ತಾರೆ," ಎಂದ ಅವನು, ಅತ್ಯಂತ ಸಹಜವಾಗಿ. ಲೀಲಾ ನಕ್ಕಳು. ನಾನೂ ನಕ್ಕೆ. ನಕ್ಕದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಯಾರೂ ನಾನು ಆರಂಭದಿಂದಲೇ ಹಗೆ ಸಾಧಿಸಿದೆನೆಂದು ಹೇಳಬಾರದು.

ಶ್ರಾವಣದ ಒಂದು ಶುಕ್ರವಾರ ಹೆಂಚಿನ ಸಂದಿಯಿಂದ ಹನಿ ಬಿದ್ದು ನನ್ನ ಹಾಳೆಯ ಕೊನೆಯ ಸಾಲು ಕದಡಿ ಹೋಯಿತು. ಬೇರೆ ಹಾಳೆ ತೆಗೆಯುವಷ್ಟರಲ್ಲಿ ಮೇಷ್ಟರು ಅದನ್ನೇ ಎತ್ತಿ ಪುಟ್ಟಸ್ವಾಮಿಗೆ ಕೊಟ್ಟಿದ್ದರು. ಲೆಕ್ಕ, ಸೈನ್ ಎಕ್ಸ್‌ನ ಲಾಗ್‌ನ ಅವಕಲನ. ಸೈನ್‌ನಿಂದ ಭಾಗಿಸಿದ ಒಂದು ಎಂದು ಬರೆದು ಅವನು ಸುಣ್ಣವನ್ನು ಕೆಳಗಿಟ್ಟ.

"ಮುಂದೆ?"

"ಅಷ್ಟೇಯ ಸಾ."

"ಅಷ್ಟೇನಾ? ಸರಿಯಾಗಿ ನೋಡು."

"ಆಳೇಲಿ ಅಷ್ಟೇ ಐತೆ ಸಾ. ಮಿಕ್ಕಿದ್ದು ಮಳೇಲಿ ಓಯ್ತು."

ಈ ಸಲದ ನಗು ಮೇಷ್ಟರ ಮೇಲೂ ಬಿತ್ತು. ಅವರ ಕಿವಿ ಕೆಂಪಾಯಿತು. ನನ್ನ ಹೆಸರಿಲ್ಲದೆ ಹೋಗುತ್ತಿದ್ದ ಲೆಕ್ಕ ಈಗ ತಪ್ಪಾಗಿ ನಿಂತಿರುವುದನ್ನು ನಾನು ಸಹಿಸಲಾರದೆ ಹೋದೆ. ಎದ್ದು, "ಲಾಗ್‌ನ ಒಳಗಿರೋದನ್ನೂ ಡಿಫರೆನ್ಷಿಯೇಟ್ ಮಾಡಿ ಗುಣಿಸ್ಬೇಕು. ಸೈನ್‌ದು ಕಾಸ್. ಕಾಸನ್ನ ಸೈನ್‌ನಿಂದ ಭಾಗಿಸಿದ್ರೆ ಉತ್ತರ," ಎಂದೆ. ಆ ವರ್ಷ ಆ ತರಗತಿಯಲ್ಲಿ ನನ್ನ ದನಿ ಕೇಳಿದ್ದು ಅದೊಂದೇ ಸಲ.

"ಕೂತ್ಕೊಳಿ ತಾಯಿ," ಎಂದರು. ಗಂಟೆಯಾದ ಮೇಲೆ, ಅವರ ಹಿಂದೆ ನಾವು ಹೊರಬಂದಾಗ, ಮೊಗಸಾಲೆಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಬೋರ್ಡ್ ಹತ್ತಿರ ನಿಂತಿರೋ ಹುಡುಗನ್ನ ಹೆಣ್ಣುಮಗಳು ತಿದ್ದಬಾರದು. ಅವನ ಮಾನದ ಪ್ರಶ್ನೆ. ನಿಮಗೆ ತಿಳಿಯೋ ವಯಸ್ಸು."

ಮಾನ ಹೋದವನು ಅಷ್ಟು ಹೊತ್ತಿಗೆ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ. ಅಂದಿನಿಂದ ಮೇಷ್ಟರು ನಮ್ಮ ಬೆಂಚಿನ ಕಡೆಗೆ ಬರಲಿಲ್ಲ. ನನ್ನ ಹಾಳೆಯೂ ಬೇಕಾಗಲಿಲ್ಲ.

ದಸರೆಯ ನಂತರ ಇನ್ಸ್‌ಪೆಕ್ಷನ್ ಬರುವುದೆಂದಾಯಿತು. ಗೋಡೆಗೇ ಗಾರೆ ಮಾಡಿ ಕೂರಿಸಿದ್ದ ನಮ್ಮ ಬೋರ್ಡು ಕಪ್ಪು ಸವೆದು ಬೆಳ್ಳಗಾಗಿತ್ತು. ಕಪ್ಪು ಹಚ್ಚುತ್ತಿದ್ದ ಜವಾನ ಜ್ವರವೆಂದು ಊರಿಗೆ ಹೋಗಿದ್ದ. ಮೇಷ್ಟರು ನಮ್ಮ ಕೋಣೆಯ ಬಾಗಿಲಿಗೆ ಬಂದು ಕೆಮ್ಮಿ, "ನಾಳೆ ಭಾನುವಾರ ಸ್ವಲ್ಪ ಬರ್ತೀರಾ ತಾಯಿ? ಬೋರ್ಡಿಗೆ ಕಪ್ಪು ಬಳೀಬೇಕು. ಹುಡುಗರಿಗೆ ಬಿಟ್ಟರೆ ಪಟ್ಟೆ ಪಟ್ಟೆ ಮಾಡ್ತಾರೆ. ಸಾರಿಸೋ ಕೈ ಹೆಣ್ಣುಮಕ್ಕಳದೇ," ಎಂದರು.

ಹೋದೆವು. ಸೋದರತ್ತೆಯ ಮನೆಯ ಬೇಲಿಯಿಂದ ನಾನು ತೊಂಡೆ ಸೊಪ್ಪು ಕಿತ್ತು ತಂದೆ. ಲೀಲಾ ಇದ್ದಿಲು ಕುಟ್ಟಿದಳು. ಅಂದು ಹುಡುಗರಿಗೆ ಬೆನ್ನು ಹಾಕುವ ಪ್ರಶ್ನೆ ಇರಲಿಲ್ಲ, ಹುಡುಗರೇ ಇರಲಿಲ್ಲ. ಬೋರ್ಡನ್ನು ಅಷ್ಟು ಹತ್ತಿರದಿಂದ, ನೇರವಾಗಿ, ಎರಡೂ ಅರ್ಧ ಕೂಡಿಸಿ ನೋಡಿದ್ದು ಅಂದೇ ಮೊದಲು. ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಬಟ್ಟೆಯ ಉಂಡೆಯಿಂದ ಒಂದೇ ಸಮನಾಗಿ ಬಳಿದೆ. ಮೊಣಕೈವರೆಗೆ ಕಪ್ಪು ಹಸಿರು. ಕೊನೆಗೆ, ಇನ್ನೂ ಹಸಿಯಾಗಿದ್ದ ಕಪ್ಪಿನ ನಡುವೆ ಬೆರಳಿನಿಂದ ಒಂದು ಸಾಲು ಬರೆದೆ: ಲಾಗ್ ಎಕ್ಸ್‌ನ ಅವಕಲನ, ಎಕ್ಸ್‌ನಿಂದ ಭಾಗಿಸಿದ ಒಂದು.

"ಅಳಿಸೇ ಸರೋಜ," ಎಂದಳು ಲೀಲಾ. "ಒಣಗಿದ್ರೆ ಹಾಗೇ ಉಳ್ಕೊಳ್ಳತ್ತೆ. ನಾಳೆ ಎಲ್ಲ ನಮ್ಮನ್ನೇ ನೋಡ್ತಾರೆ."

ಉಳಿಯಲಿ ಎನ್ನುವ ಧೈರ್ಯ ನನಗಿರಲಿಲ್ಲ. ಅದರ ಮೇಲೆ ಬಟ್ಟೆ ಎಳೆದೆ. ಮಾರನೆಯ ದಿನ ಇನ್ಸ್‌ಪೆಕ್ಟರು ಬೋರ್ಡನ್ನು ಹೊಗಳಿದರಂತೆ. ಜವಾನನ ಕೆಲಸವೆಂದು ಯಾರೋ ಹೇಳಿದರಂತೆ. ದೀಪಾವಳಿಯ ನಂತರ ಲೀಲಾಳಿಗೆ ಮದುವೆಯಾಗಿ ಓದು ನಿಂತಿತು. ಉಳಿದ ತಿಂಗಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾನೊಬ್ಬಳೇ ಆ ಕೆಮ್ಮಿಗೆ ಕಾದೆ.

ಪರೀಕ್ಷೆಯನ್ನು ಚೆನ್ನಾಗಿ ಮಾಡಿದ್ದೆ. ಬೇಸಿಗೆಯಲ್ಲಿ ಸಂದರ್ಶನಕ್ಕೆ ಕರೆ ಬಂತು. ಪ್ರಿನ್ಸಿಪಾಲರು, ಮೇಷ್ಟರು, ಆಡಳಿತ ಸಮಿತಿಯ ಹಿರಿಯರೊಬ್ಬರು ಮೇಜಿನ ಹಿಂದೆ ಕುಳಿತಿದ್ದರು. ಆ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು.

"ಲೆಕ್ಕ ತಕ್ಕಂಡು ಏನ್ ಮಾಡೀಯವ್ವ?" ಎಂದರು ಯಜಮಾನರು. "ಗಿಡ ಮರದ್ದು ಏನೋ ಐತಲ್ಲ ಮೇಷ್ಟ್ರೇ, ಎಣ್ಮಕ್ಳಿಗೆ ಅದೇ ಚೆಂದ."

"ನನಗೆ ಗಣಿತ ಬೇಕು ಸಾರ್," ಎಂದೆ.

ಪ್ರಿನ್ಸಿಪಾಲರು ಮೇಷ್ಟರ ಕಡೆ ನೋಡಿದರು. ಮೇಷ್ಟರು ಕನ್ನಡಕ ಒರೆಸುತ್ತ, "ಪೇಪರು ಚೆನ್ನಾಗೇ ಮಾಡಿದಾರೆ. ಆದರೆ ಬೋರ್ಡ್ ವರ್ಕ್ ಇಲ್ಲ. ಒಂದು ದಿನಾನೂ ಬೋರ್ಡಿಗೆ ಬಂದಿಲ್ಲ," ಎಂದರು.

"ನೀವು ಕರೀಲಿಲ್ಲ ಸಾರ್."

"ಕರೀದೆ ಇದ್ದದ್ದು ನಿಮ್ಮ ಮೇಲಿನ ಗೌರವದಿಂದ ತಾಯಿ."

ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಚಿಕ್ಕ ಬೋರ್ಡಿತ್ತು. ಅದರ ಅಡ್ಡಪಟ್ಟಿಯ ಮೇಲೆ ಸೀಮೆಸುಣ್ಣದ ತುಂಡೂ ಇತ್ತು. "ಈಗ ಮಾಡಿ ತೋರಿಸ್ತೀನಿ. ಯಾವ ಲೆಕ್ಕ ಬೇಕಾದ್ರೂ ಕೊಡಿ," ಎಂದು ನಾನು ಅದರ ಕಡೆ ತಿರುಗಿದೆ.

ಯಜಮಾನರು ನಗುತ್ತ ಕೈ ಅಡ್ಡ ಮಾಡಿದರು. "ಬುಡವ್ವ. ಒಳ್ಳೆ ಸೀರೆ ಉಟ್ಕಂಡು ಬಂದಿದ್ದೀಯೆ, ಸುಣ್ಣ ಆಯ್ತದೆ."

ಉಳಿದಿಬ್ಬರೂ ನಕ್ಕರು. ಅದು ಕ್ರೂರವಾದ ನಗು ಆಗಿರಲಿಲ್ಲ, ಮನೆಯ ಮಗುವಿನ ಹಟಕ್ಕೆ ನಗುವಂಥದು. ಕ್ರೂರವಾಗಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಹೊರಗೆ ಕಾಯುತ್ತಿದ್ದ ತಂದೆಯ ಜೊತೆ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

"ಏನಂದ್ರವ್ವ?"

"ಬೋರ್ಡಿಗೆ ಬಂದಿಲ್ಲ ಅಂದ್ರು."

"ಓಗ್ಬೇಕಾಗಿತ್ತು ಕಣವ್ವ."

"ಕರೀಲಿಲ್ಲ ಅಪ್ಪ. ಬೋರ್ಡ್ ಮೇಲಿದ್ದ ಲೆಕ್ಕ ಮಾತ್ರ ನಂದು."

ಕಿಟಕಿಯಿಂದ ಬರುತ್ತಿದ್ದ ಧೂಳಿಗೆ ಅವರು ಟವೆಲನ್ನು ಮುಖಕ್ಕೆ ಹಿಡಿದುಕೊಂಡರು. ಅದರೊಳಗಿಂದಲೇ ಮಾತು ಬಂತು: "ಮಂಡೀಲೂ ಅಂಗೇಯ. ಕಾಯಿ ಸುಲಿಯೋನು ಒಬ್ಬ, ನಂದು ಅಂತ ಗುರ್ತು ಆಕೋನು ಇನ್ನೊಬ್ಬ." ನನ್ನ ಪರವಾಗಿ ಆ ವರ್ಷ ಆಡಲ್ಪಟ್ಟ ಮಾತು ಅದೊಂದೇ. ಅದನ್ನೂ ಅವರು ನ್ಯಾಯ ಕೇಳುವ ದನಿಯಲ್ಲಿ ಆಡಲಿಲ್ಲ, ದಣಿದ ದನಿಯಲ್ಲಿ ಆಡಿದರು.

ಮುಂದಿನದು ಚಿಕ್ಕದು. ಉಪಾಧ್ಯಾಯರ ತರಬೇತಿ ಪಡೆದೆ. ಅರಕಲಗೂಡಿನಲ್ಲಿ, ಆಮೇಲೆ ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಭಿನ್ನರಾಶಿ, ತ್ರೈರಾಶಿ ಕಲಿಸಿ ನಿವೃತ್ತಳಾದೆ. ಲಾಗರಿದಮ್ಮನ್ನು ಕಲಿಸುವ ತರಗತಿ ನನಗೆ ಎಂದೂ ಸಿಗಲಿಲ್ಲ. ಪುಟ್ಟಸ್ವಾಮಿಗೆ ಸೀಟು ಸಿಕ್ಕಿತು. ಎಂ.ಎಸ್ಸಿ. ಮಾಡಿ ಬಂದು ಅದೇ ಕಾಲೇಜಿನಲ್ಲಿ, ಅದೇ ಬೋರ್ಡಿನ ಎದುರು, ಗಣಿತದ ಮೇಷ್ಟರಾದರು. ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಗಳು. ಹಿರಿಯರಾದ್ದರಿಂದ ಬಹುವಚನದಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಅವರು ನಮ್ಮ ಮನೆಗೆ ಬಂದಿದ್ದರು. ಊರು ಬಿಟ್ಟು ಇಷ್ಟು ಕಾಲವಾದರೂ ಮಾತು ಮಲ್ಲಿಪಟ್ಟಣದ್ದೇ.

"ಅಕ್ಕಾರೆ, ಸ್ಟೇಜ್ ಮ್ಯಾಲೆ ನಿಮಗೆ ಶಾಲು ಒದಿಸ್ಬೇಕು ಅಂತ ಕಮಿಟೀಲಿ ಆಗದೆ. ಗಣಿತ ತಕ್ಕಂಡಿದ್ದ ಮೊದಲ್ನೇ ಎಣ್ಮಗಳು ಅಂತ."

"ತಗೊಳಕ್ಕೆ ಬಿಡದೆ ಇದ್ದೋರಲ್ಲಿ ಮೊದಲ್ನೇವಳು ಅಂತ ಹಾಕ್ಸಿ."

"ನೀವಿನ್ನೂ ಅದನ್ನ ಮರ್ತಿಲ್ವೇ?"

"ನೀವು ಮರ್ತಿದೀರಾ?"

ಅವರು ಕಾಫಿಯ ಲೋಟವನ್ನು ತಿರುಗಿಸುತ್ತ ಕುಳಿತರು. "ಎಕ್ಸ್ ಮ್ಯಾಲಿನ ಎಕ್ಸನ್ನ ಸರ್ವೀಸೆಲ್ಲಾ ಪಾಠ ಮಾಡೀನಿ ಅಕ್ಕಾರೆ. ಬೋರ್ಡ್ ಮ್ಯಾಲೆ ಬರೀವಾಗ ಪ್ರತಿ ಸಲಾನೂ ಕಣ್ ಮುಂದೆ ಬರೋದು ನಿಮ್ಮಕ್ಷರವೇ."

"ಅದನ್ನ ಯಾವತ್ತಾದ್ರೂ ಕ್ಲಾಸಿಗೆ ಹೇಳಿದ್ರಾ?"

ಅವರು ಲೋಟವನ್ನು ಕೆಳಗಿಟ್ಟರು. ಹೊರಗೆ ಬಸ್ಸು ಬಂದ ಸದ್ದಾಯಿತು, ಹೊತ್ತಾಯಿತೆಂದು ಎದ್ದರು. ಆಹ್ವಾನ ಪತ್ರಿಕೆಯನ್ನು ಕುರ್ಚಿಯ ಮೇಲೆ ಬಿಟ್ಟು ಹೋದರು. ಅದರಲ್ಲಿ, ಹೆಣ್ಣುಮಕ್ಕಳಿಗೆ ಗಣಿತದ ಬಾಗಿಲು ತೆರೆದ ಸಂಸ್ಥೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ದಪ್ಪಕ್ಷರದ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇದೆ.

ಮೇಷ್ಟರು ಈಗಿಲ್ಲ, ಯಜಮಾನರೂ ಇಲ್ಲ. ಅವರ ಹೆಸರಿನಲ್ಲಿ ಸಭೆ ಸೇರುವವರು ನೀವಿದ್ದೀರಿ; ಅವರು ಹಾಕಿದ ಗುರುತುಗಳ ಮೇಲೆ ಬಾಳು ಕಟ್ಟಿಕೊಂಡವರೂ ನಿಮ್ಮಲ್ಲಿದ್ದಾರೆ. ಶಾಲು ನನಗೆ ಬೇಡ; ಈ ಸೆಕೆಗೆ ಹೊದೆಯಲಾಗದು. ಅದರ ಬದಲಿಗೆ, ಸಭೆ ಆರಂಭವಾಗುವ ಮೊದಲು, ಒಂದು ಪ್ರಶ್ನೆಗೆ ಎಲ್ಲರೆದುರು ಉತ್ತರ ಹೇಳಿ. ಕರೆಯದೆ ಇದ್ದವರು ನೀವು, ಬರಲಿಲ್ಲವೆಂದು ಬರೆದುಕೊಂಡವರೂ ನೀವೇ. ಹಾಗಿದ್ದ ಮೇಲೆ, ಆ ವರ್ಷದ ಶುಕ್ರವಾರಗಳಲ್ಲಿ ನಿಮ್ಮ ಬೋರ್ಡಿನ ಮೇಲೆ ಸರಿಯಾಗಿ ನಿಂತಿದ್ದ ಆ ಲೆಕ್ಕಗಳು ಯಾರವು?